ಬೂದಿಯಲ್ಲಿ ಹೂತಿಟ್ಟ ಚಕ್ರ

"ಯಾರ್ರೀ ಇದಕ್ಕೆ ಕೆಂಪು ಬಣ್ಣ ಬಳಿದಿದ್ದು?"

ತೆಮಾ ಬಂದರಿನ ಕ್ರೇನಿನಡಿ ಡೆಡೇಯ ದನಿ ಕೇಳಿ ಕೆಲಸದವರೆಲ್ಲ ತಿರುಗಿ ನೋಡಿದರು. ಸವೆದ ಕ್ರೇನ್ ಚಕ್ರಗಳಿಗೆ ವೆಲ್ಡಿಂಗ್‌ನಿಂದ ಹೊಸ ಲೋಹ ತುಂಬಿ, ಲೇತ್‌ನಲ್ಲಿ ಕಡೆದು ಕೊಡುವುದು ಅವಳ ವರ್ಕ್‌ಶಾಪಿನ ಕಸುಬು. ಕೆಂಪು ಬಣ್ಣ ಬಿತ್ತೆಂದರೆ ಆ ಚಕ್ರ ಗುಜರಿಗೆ!

"ನಾನೇ," ಎಂದ ಹೊಸ ಎಂಜಿನಿಯರ್ ಒಫೊಲಿ. "ತುಂಬಾ ಸವೆದಿದೆ ಮೇಡಂ. ಹೊಸದು ತರಿಸ್ತೀವಿ."

"ಹಡಗಲ್ಲಿ ಬರೋಕೆ ಐದು ತಿಂಗಳು! ಅಲ್ಲೀವರೆಗೂ ಕ್ರೇನನ್ನ ನೀವು ಹೆಗಲ ಮೇಲೆ ಹೊರ್ತೀರಾ, ಸಾಹೇಬ್ರೇ?"

ಎಲ್ಲರೂ ಘೊಳ್ಳೆಂದು ನಕ್ಕರು. ಒಫೊಲಿ ನಗಲಿಲ್ಲ.

"ಸರಿ, ಒಂದು ಚಕ್ರ ಮಾಡಿ ತೋರಿಸಿ. ಪಾಸಾದ್ರೆ ಎಲ್ಲಾ ನಿಮಗೇ. ಇಲ್ಲಾಂದ್ರೆ ಇನ್ಮೇಲೆ ಒಂದೂ ಇಲ್ಲ."

ಒಂದೂ ಇಲ್ಲವೆಂದರೆ ವರ್ಕ್‌ಶಾಪಿಗೆ ಬೀಗ, ಆರು ಜನರ ಹೊಟ್ಟೆಗೆ ಹೊಡೆತ. ಡೆಡೇ ಹಲ್ಲು ಕಚ್ಚಿ ಕೆಲಸಕ್ಕೆ ಕೂತಳು.

ಒಫೊಲಿ ದಿನಾ ಸಂಜೆ ಬರತೊಡಗಿದ. ಹೆಸರಿಗೆ ತಪಾಸಣೆ! ಕೆಲಸದವರ ಜೊತೆ ಕೂತು ಮೆಕ್ಕೆಜೋಳದ ಕಡುಬು ಕೆಂಕಿ, ಹುರಿದ ಮೀನು ತಿನ್ನುತ್ತ ಅದೇನು, ಇದೇನು ಎಂದು ಕೇಳುತ್ತಿದ್ದ. ಅವನು ಬರುವುದು ತಡವಾದರೆ ಡೆಡೇಯ ಕಣ್ಣು ಬಾಗಿಲಿಗೆ ಹೋಗುತ್ತಿತ್ತು.

'ಛೆ... ನನಗೇನಾಗಿದೆ!'

ಶನಿವಾರ ಕೊನೆಯ ಪದರ ಮುಗಿಯಿತು. ಬಿಸಿ ಚಕ್ರವನ್ನು ಒಣ ಬೂದಿಯ ಗುಂಡಿಯಲ್ಲಿ ಹೂತು ಅವಳು ಗದರಿದಳು. "ಮೂರು ದಿನ ಯಾರೂ ಮುಟ್ಟಬಾರ್ದು. ನಿಧಾನಕ್ಕೆ ಆರ್ಬೇಕು. ಗಾಳಿ ತಾಕಿದ್ರೆ ಸೀಳುತ್ತೆ!"

ಮಂಗಳವಾರ ಬಂದರಿನ ಮುಖ್ಯಾಧಿಕಾರಿಯ ಎದುರಿಗೇ ಬೂದಿ ಸರಿಸಿದರು. ಚಕ್ರದ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು!

"ಹೆಂಗಸರ ವೆಲ್ಡಿಂಗು... ಇನ್ನೇನಾಗುತ್ತೆ?" ಎಂದು ಅಧಿಕಾರಿ ಮೂಗು ಮುರಿದ.

ಡೆಡೇಯ ಕಣ್ಣಲ್ಲಿ ನೀರು ತುಂಬಿತು. ದುಃಖಕ್ಕಲ್ಲ, ಸಿಟ್ಟಿಗೆ. "ನನ್ನ ಕೆಲಸ ಬಿರುಕು ಬಿಡಲ್ಲ! ಯಾರೋ ಬೂದಿ ತೆಗೆದಿದ್ದಾರೆ!"

"ನಾನು," ಎಂದ ಒಫೊಲಿ.

ಕೆಲಸದವರೆಲ್ಲ ಅವನತ್ತ ತಿರುಗಿದರು.

"ಭಾನುವಾರ... ನೀವೆಲ್ಲ ಚರ್ಚಿಗೆ ಹೋಗಿದ್ದಾಗ."

"ಬೇಕಂತಲೇ ಮಾಡಿದ್ರಿ! ಹೊಸದು ತರಿಸೋಕೆ! ನಮ್ಮ ಜೊತೆ ಕೂತು ಉಂಡು, ನಮ್ಮ ಬುಡಕ್ಕೇ ಕೊಡಲಿ ಹಾಕಿದ್ರಲ್ಲ!"

"ಅಲ್ಲ ಡೆಡೇ! ಚೆನ್ನಾಗಿ ಬಂದಿದೆ ಅಂತ ನಿಮಗೆ ಮೊದಲು ನಾನೇ ಹೇಳ್ಬೇಕು ಅನ್ನಿಸ್ತು... ಅಂಚು ಸ್ವಲ್ಪ ಸರಿಸಿ ನೋಡಿದೆ. ಅಷ್ಟಕ್ಕೇ ಹೀಗಾಗುತ್ತೆ ಅಂತ ನಂಬಿರಲಿಲ್ಲ." ಅವನು ಅಧಿಕಾರಿಯ ಕಡೆ ತಿರುಗಿದ. "ಸಾರ್, ತಪ್ಪು ನಂದು. ವರದಿಯಲ್ಲಿ ನನ್ನ ಹೆಸರೇ ಬರೀರಿ."

"ಕೆಲಸ ಹೋದೀತು, ಯೋಚ್ನೆ ಮಾಡು!"

"ಹೋದ್ರೆ ಹೋಗ್ಲಿ. ಅವರಿಗೆ ಇನ್ನೊಂದು ಅವಕಾಶ ಕೊಡಿ."

ಅಧಿಕಾರಿ ಗೊಣಗುತ್ತಲೇ ಒಪ್ಪಿದ. ಬಿರುಕನ್ನು ಒಫೊಲಿಯೇ ಉಜ್ಜಿ ತೆಗೆದ, ಡೆಡೇ ಮತ್ತೆ ಲೋಹ ತುಂಬಿದಳು. ಅವನೊಡನೆ ಒಂದು ಮಾತೂ ಆಡಲಿಲ್ಲ. ಮೂರು ದಿನ ಅವನು ಗುಂಡಿಯ ಪಕ್ಕದಲ್ಲೇ ಕಾವಲು ಕೂತ, ಒಂದು ಕೋಳಿಯನ್ನೂ ಹತ್ತಿರ ಬಿಡಲಿಲ್ಲ.

ಈ ಸಲ ಎಷ್ಟು ಹುಡುಕಿದರೂ ಬಿರುಕಿಲ್ಲ. ಅಧಿಕಾರಿ ಸಹಿ ಹಾಕಿ ನಡೆದ. ಎಲ್ಲಾ ಚಕ್ರಗಳೂ ಇನ್ನು ಡೆಡೇಯ ವರ್ಕ್‌ಶಾಪಿಗೇ!

"ಇನ್ನೂ ಕೋಪಾನಾ?" ಒಫೊಲಿ ಮೆಲ್ಲಗೆ ಕೇಳಿದ.

"ಇಲ್ದೆ ಇರುತ್ತಾ? ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ. ಕಳ್ಳನ ಹಾಗೆ ಅಗೆದ್ರಲ್ಲ!"

"ಹಾಗಾದ್ರೆ ಈಗ ಕೇಳ್ತೀನಿ... ನನ್ನ ಮದುವೆ ಆಗ್ತೀರಾ?"

ಡೆಡೇಯ ಎದೆ ಡವಡವ ಹೊಡೆದುಕೊಂಡಿತು. ಸಿಟ್ಟನ್ನು ಮಾತ್ರ ಮುಖದಿಂದ ಇಳಿಸಲಿಲ್ಲ. "ಇದನ್ನ ನನ್ನ ಕೇಳೋದಲ್ಲ. ನಿಮ್ಮ ಹಿರಿಯರನ್ನ ನಮ್ಮಪ್ಪನ ಬಾಗಿಲು ತಟ್ಟಿ ಹೆಣ್ಣು ಕೇಳೋಕೆ ಕಳಿಸಿ."

"ಅವರು ಬಾಗಿಲು ತೆಗೀದಿದ್ರೆ?"

"ನಾನಿದ್ದೀನಲ್ಲ..." ಅಂದಳು ಅವಳು. "ನಾನೇ ತೆಗೀತೀನಿ."