ರೋಮನ್ ಮನೆಯಲ್ಲಿ ಲೊವೆನ್ನ

"ಲೊವೆನ್ನ, ನಿನ್ನ ಉತ್ತರ ಓದ್ತಾ ಓದ್ತಾ ನಾನು ಆ ಮನೆಯೊಳಗೇ ಕಳೆದುಹೋದೆ," ಅಂದರು ಬೊಲಿಥೊ ಸರ್.

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಲೊವೆನ್ನಳ ಕಿವಿ ಬಿಸಿಯಾಯಿತು.

ಸರ್ ಕೈಯಲ್ಲಿದ್ದದ್ದು ಕ್ಲಾಸಿಕಲ್ ಸಿವಿಲೈಸೇಶನ್ ಪರೀಕ್ಷೆಯ ಹಾಳೆಗಳು. ಹಿಂದಿನ ಕಾಲದ ಗ್ರೀಕರು, ರೋಮನ್ನರು ಹೇಗೆ ಬದುಕಿದ್ದರು ಅನ್ನುವ ಪಾಠ ಅದು. ಮಕ್ಕಳ ಬಾಯಲ್ಲಿ ಅದು ಬರೀ 'ಕ್ಲಾಸ್ ಸಿವ್'. ಲೊವೆನ್ನಳಿಗೆ ಇಡೀ ಶಾಲೆಯಲ್ಲಿ ಇಷ್ಟವಾದ ಪಾಠವೆಂದರೆ ಅದೊಂದೇ.

ಪ್ರಶ್ನೆ ಹೀಗಿತ್ತು: 'ರೋಮನ್ನರ ಮನೆ ಇದ್ದದ್ದು ಮನೆಯವರಿಗಲ್ಲ, ಬಂದುಹೋಗುವವರಿಗೆ. ಈ ಮಾತನ್ನು ಒಪ್ಪುತ್ತೀರಾ? ಚರ್ಚಿಸಿ.'

"ಬಾಗಿಲ ಹತ್ರ ನೆಲದಲ್ಲಿ ಬಣ್ಣದ ಕಲ್ಲಿನ ಚೂರು ಜೋಡಿಸಿ ಮಾಡಿದ ನಾಯಿ ಚಿತ್ರ ಇದೆ. ಹಜಾರದ ಮಧ್ಯ ತೊಟ್ಟಿ ಇದೆ, ಮೇಲಿಂದ ಮಳೆ ಬೀಳ್ತಿದೆ. ಗೋಡೆ ತುಂಬಾ ಬಣ್ಣದಲ್ಲಿ ಬರೆದ ಹಕ್ಕಿಗಳಿವೆ. ಎಲ್ಲಾ ಚೆನ್ನಾಗಿದೆ," ಅಂದರು ಸರ್. "ಆದ್ರೆ ನಾನು ಕೇಳಿದ್ದು ಮನೆ ಯಾರಿಗೆ ಅಂತ. ನೀನು ಒಪ್ತೀಯೋ ಇಲ್ವೋ?"

"ಸ್ವಲ್ಪ ಒಪ್ತೀನಿ ಸರ್. ಸ್ವಲ್ಪ ಇಲ್ಲ."

"ಅದನ್ನ ಎಲ್ಲಿ ಬರೆದಿದೀಯ, ತೋರ್ಸು."

ಅವಳು ಎಲ್ಲೂ ಬರೆದಿರಲಿಲ್ಲ.

"ಅವಳು ಪರೀಕ್ಷೆ ಬರೀತಾ ಇರ್ಲಿಲ್ಲ ಸರ್," ಪಕ್ಕದ ಡೆಸ್ಕಿನಿಂದ ಜಾಗೊ ಕೂಗಿದ. "ಆ ತೊಟ್ಟೀಲಿ ಕಾಲು ಇಳಿಬಿಟ್ಕೊಂಡು ಕೂತಿದ್ಲು!"

ಅದು ಸುಳ್ಳೇನಲ್ಲ. ಪರೀಕ್ಷೆಯಲ್ಲಿ ಪೆನ್ನು ಹಿಡಿದ ಕೂಡಲೇ ಡೆಸ್ಕು, ಕಿಟಕಿ, ಜಾಗೊ ಎಲ್ಲವೂ ಮಸುಕಾಗಿದ್ದವು. ಅವಳು ಆ ತಂಪು ಹಜಾರಕ್ಕೆ ಕಾಲಿಟ್ಟಿದ್ದಳು. ಮಾಡಿನ ಕಿಂಡಿಯಿಂದ ಇಳಿದ ಬೆಳಕು ನೀರಿನ ಮೇಲೆ ಬಿದ್ದು, ಅಲ್ಲಿಂದ ಗೋಡೆಯ ಹಕ್ಕಿಗಳ ರೆಕ್ಕೆಯ ಮೇಲೆ ಅಲುಗಾಡುತ್ತಿತ್ತು. ಅಲ್ಲೊಂದು ಪರದೆಯ ಹಿಂದೆ ತನ್ನಷ್ಟೇ ದೊಡ್ಡ ಹುಡುಗಿಯೊಬ್ಬಳು ಇಣುಕಿದ ಹಾಗಿತ್ತು. ಅವಳು ಹೊರಗೆ ಬರುತ್ತಾಳೇನೋ ಎಂದು ಕಾಯುತ್ತಿರುವಾಗಲೇ ಗಂಟೆ ಹೊಡೆದಿತ್ತು.

ಮಕ್ಕಳು ಹೊರಗೆ ಹೋದ ಮೇಲೆ ಸರ್ ಅವಳನ್ನು ಹತ್ತಿರ ಕರೆದರು.

"ನೋಡು, ಈ ಮಾರ್ಕ್ಸಿಗೆ ಮುಂದಿನ ವರ್ಷ ನಿನ್ನನ್ನ ಕ್ಲಾಸ್ ಸಿವ್‌ಗೆ ತಗೊಳ್ಳೋಕಾಗಲ್ಲ. ಶುಕ್ರವಾರ ಇದೇ ಪ್ರಶ್ನೆಗೆ ಇನ್ನೊಂದ್ಸಲ ಬರಿ. ನೀನು ಏನು ಹೇಳ್ತೀಯ ಅನ್ನೋದನ್ನ ಮೊದಲೇ ಹೇಳ್ಬಿಡು. ಆಮೇಲೆ ಒಂದು ಪ್ಯಾರಾದಲ್ಲಿ ಒಂದೇ ಮಾತು. ಅದಕ್ಕೊಂದು ಸಾಕ್ಷಿ. ಆ ಸಾಕ್ಷಿಯಿಂದ ಏನು ಗೊತ್ತಾಗತ್ತೆ, ಅದು. ಎದುರು ವಾದಾನೂ ಇರ್ಲಿ. ಕೊನೇಲಿ ತೀರ್ಮಾನ."

ಲೊವೆನ್ನ ತಲೆಯಾಡಿಸಿದಳು. ಆದರೆ ಕಣ್ಣು ತುಂಬಿಕೊಂಡಿತ್ತು. ಕ್ಲಾಸ್ ಸಿವ್ ಇಲ್ಲದ ಶಾಲೆ ಹೇಗಿರಬಹುದು ಎಂದು ಅವಳಿಗೆ ಊಹಿಸಲೂ ಆಗಲಿಲ್ಲ.

* * *

ಅವಳ ಮನೆ ಬಂದರಿನ ಮೇಲಿನ ಏರು ಬೀದಿಯಲ್ಲಿತ್ತು. ಅದು ಗೆಸ್ಟ್‌ಹೌಸ್ ಕೂಡ. ಅಪ್ಪ ಮೀನಿನ ದೋಣಿಯಲ್ಲಿ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅಡುಗೆ, ಹಾಸಿಗೆ, ಒಗೆತ ಎಲ್ಲವೂ ಅಮ್ಮನ ತಲೆಯ ಮೇಲೆಯೇ. ಬೇಸಿಗೆಯಲ್ಲಂತೂ ಕಾರ್ನ್‌ವಾಲ್‌ನ ಕಡಲು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು.

ಅವತ್ತು ಲೊವೆನ್ನ ಒಳಗೆ ಬರುವಷ್ಟರಲ್ಲಿ ಬಾಗಿಲಲ್ಲೇ ಒಬ್ಬ ದಪ್ಪನೆಯ ಅಜ್ಜ, ತೆಳ್ಳನೆಯ ಅಜ್ಜಿ ನಿಂತಿದ್ದರು. ಲೀಡ್ಸ್‌ನಿಂದ ಬಂದ ಔತ್‌ವೇಟ್ ದಂಪತಿ.

"ಲೊವೆನ್ನಾ, ಇವರಿಗೆ ರೂಮ್ ತೋರಿಸಮ್ಮ!" ಅಮ್ಮ ಅಡುಗೆಮನೆಯಿಂದಲೇ ಕೂಗಿದಳು.

"ಈ ಬಾಗಿಲಿದೆಯಲ್ಲ, ಇದು ಒಡೆದುಹೋದ ಹಡಗಿನ ಹಲಗೇದು," ಲೊವೆನ್ನ ಶುರುಮಾಡಿದಳು. "ಈ ಗಾಜು ಬಿರುಗಾಳೀಲಿ ಬಿರುಕು ಬಿಟ್ಟಿದ್ದು. ಈ ಮೆಟ್ಟಿಲ ಮೇಲೆ ಒಂದ್ಸಲ ಕಡಲಕಾಗೆ ಬಂದು ಕೂತ್ಕೊಂಡು..."

ಅಜ್ಜನ ಎರಡೂ ಕೈಯಲ್ಲಿ ಪೆಟ್ಟಿಗೆ. ಅವರು ಏದುಸಿರು ಬಿಡುತ್ತ ನಿಂತರು. "ಮಗೂ, ನಿನ್ನ ಕತೆ ಬಹಳ ಚೆನ್ನಾಗಿದೆ. ಆದ್ರೆ ನಾವು ಹೋಗ್ತಿರೋದು ಎಲ್ಲಿಗೆ ಅಂತ ಒಂದ್ಮಾತು ಹೇಳ್ಬಿಡು. ಕೊನೇ ಮಹಡೀಗಂತೂ ಅಲ್ಲ ತಾನೆ?"

"ಅಲ್ಲಲ್ಲ. ಈ ಮೆಟ್ಟಿಲು ಮುಗಿದ ತಕ್ಷಣ, ಎಡಗಡೆ. ಸಮುದ್ರ ಕಾಣೋ ರೂಮು."

"ಸದ್ಯ!" ಅಜ್ಜ ನಕ್ಕರು. "ಹಾಗಾದ್ರೆ ಈಗ ಹೇಳು. ಆ ಕಡಲಕಾಗೆ ಏನು ಮಾಡ್ತು?"

* * *

ಗುರುವಾರ ಸಂಜೆ ಇನ್ನೊಂದು ತೊಂದರೆ ಬಂತು. ಕಾಯ್ದಿರಿಸದೇ ಬಂದ ಒಂದು ಕುಟುಂಬ. ಜೊತೆಗೆ ನಿದ್ದೆಗಣ್ಣಿನ ಪುಟ್ಟ ಮಗು. ಅಮ್ಮನಿಗೆ ಇಲ್ಲ ಅನ್ನಲಾಗಲಿಲ್ಲ. ಅವಳು ಲೊವೆನ್ನಳ ದಿಂಬು ಹೊದಿಕೆಗಳನ್ನು ತನ್ನ ರೂಮಿಗೆ ತಂದು ಹಾಕಿದಳು.

"ನನ್ನ ರೂಮು ಕೊಟ್ಬಿಟ್ಯಾ? ನಾಳೆ ನನಗೆ ಪರೀಕ್ಷೆ ಇದೆ!"

"ಒಂದು ರಾತ್ರಿ ತಾನೆ? ನನ್ನ ಜೊತೆ ಮಲಗು."

"ಈ ಮನೆ ನಮ್ಮದೇ ಅಲ್ಲ. ಬರೀ ಗೆಸ್ಟ್‌ಗಳದ್ದು!"

ಅಮ್ಮ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. "ಯಾವ ಲೆಕ್ಕದಲ್ಲಿ ಹೇಳ್ತೀಯ?"

"ಸಮುದ್ರ ಕಾಣೋ ರೂಮೆಲ್ಲ ಯಾರಿಗೆ? ಅವರಿಗೆ. ನಮ್ಮ ಕಿಟಕೀಲಿ ಕಾಣೋದು ಪಕ್ಕದ ಮನೆ ಗೋಡೆ. ಅಂದ್ರೆ ಚೆನ್ನಾಗಿರೋದೆಲ್ಲ ತೋರ್ಸೋಕೆ, ಉಳಿದಿದ್ದು ನಮಗೆ."

"ಆಮೇಲೆ?"

"ಮೆಟ್ಟಿಲ ಮೇಲೆ ಕೆಂಪು ಕಾರ್ಪೆಟ್ ಎಲ್ಲೀವರೆಗಿದೆ? ಗೆಸ್ಟ್‌ಗಳ ಮಹಡೀವರೆಗೆ. ಅಲ್ಲಿಂದ ನಮ್ಮ ರೂಮಿಗೆ ಹತ್ತೋ ಮೆಟ್ಟಿಲೆಲ್ಲ ಬರೀ ಹಲಗೆ. ಅಂದ್ರೆ ಕಾರ್ಪೆಟ್ ಹಾಕಿದ್ದು ನಮ್ಮ ಕಾಲಿಗಲ್ಲ."

ಅಮ್ಮನ ಚಾಕು ನಿಂತಿತು. ಅವಳು ತಲೆ ಎತ್ತಿ ಮಗಳನ್ನು ನೋಡಿದಳು.

"ಕಾರ್ಪೆಟ್ ವಿಷ್ಯ ನಿಜ," ಅಂದಳು. "ಆದ್ರೆ ನೀನು ನೋಡಿರೋದು ಒಂದು ಕಡೆ ಮಾತ್ರ, ಪುಟ್ಟಿ."

"ಇನ್ನೊಂದು ಕಡೆ ಏನಿದೆ?"

"ನನಗೀಗ ಪುರುಸೊತ್ತಿಲ್ಲ. ನೀನೇ ಯೋಚನೆ ಮಾಡು. ಮೊದಲು ಆ ಬಟಾಣಿ ಬಿಡಿಸಿಕೊಡು."

ಲೊವೆನ್ನ ಮುಖ ಊದಿಸಿಕೊಂಡೇ ಬಟಾಣಿ ಬಿಡಿಸಿದಳು. ನಾಲ್ಕು ಕಾಯಿ ಬಿಡಿಸುವಷ್ಟರಲ್ಲಿ ಅವಳ ಕೈ ನಿಧಾನವಾಯಿತು. ಈಗಷ್ಟೇ ತಾನು ಎಷ್ಟು ನೆಟ್ಟಗೆ ಮಾತಾಡಿದೆ! ಹೇಳಿದೆ, ತೋರಿಸಿದೆ, ಅದರರ್ಥ ಏನೆಂದೂ ಬಿಡಿಸಿದೆ. ಅತ್ತಿತ್ತ ಅಲೆಯಲೇ ಇಲ್ಲ.

ಊಟ ಮುಗಿಸಿ ಅಮ್ಮನ ಹಾಸಿಗೆಯ ಮೇಲೆ ಒರಗಿದಳು. ಬೇಸಿಗೆಯ ಉದ್ದನೆಯ ಸಂಜೆ, ಹೊರಗಿನ್ನೂ ಬೆಳಕಿತ್ತು. ಕಣ್ಣು ಮುಚ್ಚಿದರೆ ಮತ್ತೆ ಅದೇ ಹಜಾರ.

ಈ ಸಲ ಹಜಾರದ ತುಂಬ ಜನ. ಯಜಮಾನನಿಗೆ ನಮಸ್ಕಾರ ಹೇಳಲು ಬೆಳಗ್ಗೆಯೇ ಬಂದವರು. ಅವರು ಹಕ್ಕಿಗಳ ಗೋಡೆ ನೋಡಿದರು, ತಲೆದೂಗಿದರು, ಒಬ್ಬೊಬ್ಬರಾಗಿ ಹೊರಟುಹೋದರು. ಬಾಗಿಲು ಮುಚ್ಚಿತು.

ಬಂದವರು ಹೋದ ಮೇಲೆ ಆ ಹಜಾರದಲ್ಲಿ ಏನಾಗುತ್ತಿತ್ತು? ಲೊವೆನ್ನ ಇದನ್ನು ಯಾವತ್ತೂ ಯೋಚಿಸಿರಲಿಲ್ಲ.

ಪರದೆ ಸರಿಯಿತು. ಹುಡುಗಿ ಬರಿಗಾಲಲ್ಲಿ ಹೊರಗೆ ಬಂದಳು. ಅವಳ ಹಿಂದೆ ಅವಳಮ್ಮ, ಮಗ್ಗವನ್ನು ಎಳೆದುಕೊಂಡು ಬೆಳಕಿನ ಕಡೆಗೆ ಬರುತ್ತಿದ್ದಳು. ದಾರ ಬಿಗಿಯಾಗಿ ನಿಲ್ಲಲೆಂದು ಮಗ್ಗಕ್ಕೆ ಕಟ್ಟಿದ್ದ ಮಣ್ಣಿನ ಗುಂಡುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

ಲೊವೆನ್ನ ದಡಕ್ಕನೆ ಎದ್ದು ಕೂತಳು. ಆ ಗುಂಡುಗಳು! ಸರ್ ಹೇಳಿದ್ದರಲ್ಲ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪಾಂಪೆ ಊರಿನ ಮನೆಗಳನ್ನು ಅಗೆದಾಗ ಹಜಾರದಲ್ಲೇ ಅಂಥವು ಸಿಕ್ಕಿದ್ದವು ಎಂದು!

* * *

ಶುಕ್ರವಾರ ಬೇಸಿಗೆ ರಜೆಗೆ ಮುಂಚಿನ ಕೊನೆಯ ದಿನ. ಶಾಲೆ ಮಧ್ಯಾಹ್ನಕ್ಕೇ ಬಿಡುತ್ತಿತ್ತು. ಖಾಲಿ ಕ್ಲಾಸಿನಲ್ಲಿ ಲೊವೆನ್ನ ಒಬ್ಬಳೇ ಬರೆದಳು.

ರೋಮನ್ನರ ಮನೆ ಬಂದುಹೋಗುವವರಿಗಾಗಿ ಕಟ್ಟಿದ್ದು, ಆದರೆ ಅವರಿಗೆ ಮಾತ್ರ ಅಲ್ಲ ಎಂದು ಮೊದಲ ಸಾಲಿನಲ್ಲೇ ಹೇಳಿಬಿಟ್ಟಳು. ಹಕ್ಕಿಯ ಗೋಡೆ ಯಾರ ಕಣ್ಣಿಗಾಗಿ ಎಂದು ಬರೆದಳು. ಬಾಗಿಲಿನಿಂದ ನೇರ ಒಳಗಿನ ತೋಟ ಕಾಣುವಂತೆ ಯಾಕೆ ಕಟ್ಟಿದರು ಎಂದು ಬರೆದಳು. ನಡುವೆ ಒಮ್ಮೆ ನೀರಿನ ಮೇಲಿನ ಬೆಳಕು ಅವಳನ್ನು ಕರೆಯಿತು. ಒಂದು ಗಳಿಗೆ ಅಲ್ಲೇ ನಿಂತಳು. ಆಮೇಲೆ ಆ ಪರದೆಯ ಹುಡುಗಿಯ ಕೈ ಹಿಡಿದುಕೊಂಡೇ ಮುಂದಿನ ಪ್ಯಾರಾಕ್ಕೆ ಬಂದಳು. ಮಗ್ಗದ ಗುಂಡುಗಳು ಹಜಾರದಲ್ಲಿ ಸಿಕ್ಕಿವೆ. ಅಂದರೆ ಬಂದವರು ಹೋದ ಮೇಲೆ ಅದೇ ಜಾಗದಲ್ಲಿ ಮನೆಯವರು ಬದುಕುತ್ತಿದ್ದರು.

ಸರ್ ಅಲ್ಲೇ ಓದಿದರು. ಓದುವಾಗ ಒಮ್ಮೆ ಹುಬ್ಬೇರಿಸಿದರು.

"ಸ್ಪೆಲಿಂಗ್ ಎಲ್ಲ ದೇವರಿಗೇ ಪ್ರೀತಿ," ಅಂದರು. "ಸೆಪ್ಟೆಂಬರ್‌ನಲ್ಲಿ ಕ್ಲಾಸ್ ಸಿವ್‌ಗೆ ಲೇಟಾಗಿ ಬರಬೇಡ."

ಅದರ ಅರ್ಥ ಹೊಳೆಯಲು ಲೊವೆನ್ನಳಿಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ಬಂದರಿನವರೆಗೂ ಓಡಿದಳು. ಏರು ಬೀದಿಯನ್ನೂ ಓಡಿಯೇ ಹತ್ತಿದಳು.

ಮನೆ ನಿಶ್ಶಬ್ದವಾಗಿತ್ತು. ಗೆಸ್ಟ್‌ಗಳೆಲ್ಲ ಕಡಲತೀರಕ್ಕೆ ಹೋಗಿದ್ದರು. ಹಗಲು ಇಷ್ಟು ಹೊತ್ತಿಗೆ ಅವಳು ಮನೆಯಲ್ಲಿ ಇದ್ದದ್ದೇ ಅಪರೂಪ. ಗೆಸ್ಟ್‌ಗಳು ಕೂರುವ ಮುಂಭಾಗದ ಕೋಣೆಯಿಂದ ಯಾರೋ ಹಾಡುವುದು ಕೇಳಿಸಿತು. ರಾಗ ಎಲ್ಲೆಲ್ಲೋ ಜಾರುತ್ತಿತ್ತು.

ಬಾಗಿಲು ತಳ್ಳಿದಳು. ಸಮುದ್ರದ ಕಡೆಯ ದೊಡ್ಡ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಕೂದಲು ಬಿಚ್ಚಿತ್ತು. ಒಂದು ಕೈಯಲ್ಲಿ ಅರ್ಧ ತಿಂದ, ಕೇಸರಿ ಹಾಕಿದ ಬನ್ನು. ಬರಿಗಾಲು ಎರಡೂ ಕಿಟಕಿಯ ಕಟ್ಟೆಯ ಮೇಲೆ.

ಸದ್ದಿಗೆ ಅಮ್ಮ ಬೆಚ್ಚಿಬಿದ್ದು ಕಾಲು ಕೆಳಗಿಳಿಸಿದಳು. "ಅಯ್ಯೋ, ನೀನಾ? ಯಾರೋ ಗೆಸ್ಟ್ ಬಂದ್ರು ಅಂದ್ಕೊಂಡೆ."

"ದಿನಾ ಇಲ್ಲಿ ಕೂತ್ಕೊತೀಯಾ?"

"ಅವರೆಲ್ಲ ಹೋದ ಮೇಲೆ, ಸ್ವಲ್ಪ ಹೊತ್ತು." ಅಮ್ಮನ ಮುಖದಲ್ಲಿ ನಾಚಿಕೆಯ ನಗು ಮೂಡಿತು. "ಪರೀಕ್ಷೆ ಏನಾಯ್ತು?"

"ಹೇಳ್ತೀನಿ. ನೀನು ಮೊದಲು ಕಾಲು ಮೇಲಿಡು."

ಲೊವೆನ್ನ ಶೂ ಕಳಚಿ, ಇನ್ನೊಂದು ಕುರ್ಚಿಯನ್ನು ಎಳೆದುಕೊಂಡು ಬಂದಳು. ಅಮ್ಮನ ಪಾದಗಳ ಪಕ್ಕದಲ್ಲಿ ತನ್ನ ಪಾದಗಳನ್ನೂ ಇಟ್ಟಳು. ಕಟ್ಟೆ ಬಿಸಿಲಿಗೆ ಬೆಚ್ಚಗಿತ್ತು. ಅಮ್ಮ ಬನ್ನನ್ನು ಮುರಿದು ದೊಡ್ಡ ಚೂರನ್ನು ಅವಳಿಗೆ ಕೊಟ್ಟಳು. ಕೆಳಗೆ ಇಡೀ ಸಮುದ್ರ ಹೊಳೆಯುತ್ತಿತ್ತು.