ಮೆತ್ತನೆ ಬಟನ್ನಿನ ಕಂಟ್ರೋಲರ್

"ಅದನ್ನ ಕೆಳಗಿಡಿ! ಆ ಬಟನ್ ಒತ್ತೋಕೆ ನಿಮ್ಮಿಂದ ಆಗಲ್ಲ."

ಅವಳು ಥಟ್ಟನೆ ತಲೆಯೆತ್ತಿದಳು!

ಹಳೆಯ ವಿಡಿಯೋ ಗೇಮ್‌ಗಳನ್ನು ರಿಪೇರಿ ಮಾಡಿ ಮಾರುವ ಪುಟ್ಟ ಅಂಗಡಿ ಅದು. ಒಳಗಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಕೌಂಟರಿನ ಆಚೆ ನಿಂತಿದ್ದ ಅಂಗಡಿಯವನು ಅವಳ ಎಡಗೈಯಲ್ಲಿದ್ದ ಕಂಟ್ರೋಲರನ್ನು ಕಿತ್ತುಕೊಂಡೇ ಬಿಟ್ಟಿದ್ದ. ಗುರುತಿಲ್ಲ, ಪರಿಚಯವಿಲ್ಲ, ಅದೆಂಥ ಧೈರ್ಯ ನೋಡಿ!

"ಏನ್ರೀ ಹಾಗಂದ್ರೆ?"

"ಒರಿಜಿನಲ್ ದುಬಾರಿ ಅಂದ್ರಿ. ಡೂಪ್ಲಿಕೇಟ್‌ಗಳಲ್ಲಿ ಎಲ್ಲರೂ ಹೊಗಳೋದು ಇದನ್ನೇ, ನಿಜ. ಆದ್ರೆ ನಿಮಗೆ ಆ ಮೂಲೇಲಿರೋ ಅಗ್ಗದ್ದೇ ಸಾಕು."

"ನನಗಲ್ಲ! ಅಣ್ಣನ ಮಗನಿಗೆ!" ಅಂದವಳೇ ದಡದಡ ಮೆಟ್ಟಿಲಿಳಿದಳು.

ಅಣ್ಣನಿಗೆ ಮಕ್ಕಳೇ ಇರಲಿಲ್ಲ!

ಬೀದಿಯ ತಿರುವಿನಲ್ಲಿ ನಿಂತು ಅಂಗಡಿಯ ಕಡೆ ತಿರುಗಿ ನೋಡಿದಳು. ಬಲಗೈ ಆಗಲೂ ಜಾಕೆಟ್ಟಿನ ಜೇಬಿನಲ್ಲೇ ಇತ್ತು. 'ಕೈ ಹೊರಗೇ ತೆಗೆದಿಲ್ಲ ನಾನು... ಅವನಿಗೆ ಹೇಗೆ ಗೊತ್ತಾಯ್ತು?'

ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುವವಳು ಅವಳು. ಅವಳ ಹೂ ನೋಡಿದವರಿಗೆ ಕೇಕ್ ಕತ್ತರಿಸಲು ಮನಸ್ಸೇ ಬರುತ್ತಿರಲಿಲ್ಲ. ಹಿಟ್ಟು ಕಲಸುವ ಯಂತ್ರಕ್ಕೆ ಬಲಗೈ ಸಿಕ್ಕಿಕೊಂಡ ಮೇಲೆ ಹೆಬ್ಬೆರಳು ಮಡಚಲಾಗದಂತೆ ಸೆಟೆದುಹೋಯಿತು. ಈಗ ಅದೇ ಬೇಕರಿಯಲ್ಲಿ ಪೊಟ್ಟಣ ಕಟ್ಟುತ್ತಾಳೆ. ಮದುವೆಯಾಗಬೇಕಿದ್ದವನು ಆ ಕೈ ನೋಡಿ ಹೋದವನು ಮತ್ತೆ ಇತ್ತ ತಲೆ ಹಾಕಲಿಲ್ಲ.

"ದಿನಾ ಏನಾದರೂ ಒತ್ತುತ್ತಿರಿ. ಇಲ್ಲದಿದ್ದರೆ ಬೆರಳು ಹೀಗೇ ಉಳಿದುಬಿಡುತ್ತೆ," ಎಂದು ಡಾಕ್ಟರ್ ಎಚ್ಚರಿಸಿದ್ದರು. ಆಗ ನೆನಪಾದದ್ದು ಅಣ್ಣನ ಹಳೆಯ ವಿಡಿಯೋ ಗೇಮ್. ಅದರ ಕಂಟ್ರೋಲರಿನ ವೈರ್ ಎಂದೋ ತುಂಡಾಗಿತ್ತು.

ಹಟಕ್ಕೆ ಬಿದ್ದವಳು ಬೇರೆ ಅಂಗಡಿಯಿಂದ ಎಲ್ಲರೂ ಹೊಗಳುವ ಅದೇ ಡೂಪ್ಲಿಕೇಟ್ ತಂದಳು. ಟಿವಿಯ ಮುಂದೆ ಕೂತಳು. ಬಟನ್ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು... ಜಪ್ಪಯ್ಯ ಅಂದರೂ ಬಟನ್ ಕದಲಲಿಲ್ಲ! ಹಲ್ಲು ಕಚ್ಚಿ ಮತ್ತೆ ಒತ್ತಿದಾಗ ಮೊಣಕೈವರೆಗೂ ನೋವು ಹರಿಯಿತು.

"ಕ್ರೀಮ್ ರಾಣಿ, ಆ ಅಂಗಡಿಯವನು ಸರಿಯಾಗೇ ಹೇಳಿದ್ದಾನೆ ಕಣೇ," ಎಂದರು ಅತ್ತಿಗೆ, ಬೆರಳಿಗೆ ಎಣ್ಣೆ ನೀವುತ್ತಾ.

"ಅತ್ತಿಗೆ! ನೀವೂ ಅವನ ಕಡೇನಾ? ಎಲ್ಲರ ಮುಂದೆ ನನ್ನ ಮಾನ ಕಳೆದ!"

"ಹಾಗಾದ್ರೆ ಹೋಗಿ ಮುಖಕ್ಕೆ ಹೊಡೆದ ಹಾಗೆ ಕೇಳು. ನನ್ನ ಮುಂದೆ ಕೂತು ಅತ್ರೆ ಅವನಿಗೆ ಕೇಳಿಸುತ್ತಾ?"

ಹೋದಳು. ಬಯ್ಗುಳಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡೇ ಹೋದಳು. ಬಾಗಿಲು ತಳ್ಳಿದವಳು ಅಲ್ಲೇ ಬೆಪ್ಪಾಗಿ ನಿಂತಳು.

ಅಂಗಡಿಯವನು ತನ್ನ ಬಲಗೈ ಹೆಬ್ಬೆರಳಿಗೆ ಐಸ್‌ಕ್ರೀಮ್ ಕಡ್ಡಿ ಇಟ್ಟು, ಮೇಲೆ ಕರಿ ಟೇಪ್ ಸುತ್ತಿಕೊಂಡಿದ್ದ! ಬೆರಳು ಮಡಚುವಂತಿರಲಿಲ್ಲ. ಮುಂದೆ ಡೂಪ್ಲಿಕೇಟ್‌ಗಳ ರಾಶಿ. ಒಂದೊಂದನ್ನೇ ಎತ್ತಿಕೊಂಡು ಬಟನ್ ಒತ್ತುವುದು, "ಅಯ್ಯಪ್ಪಾ" ಎಂದು ಕೈ ಕೊಡವುವುದು, ಪಕ್ಕಕ್ಕಿಡುವುದು.

"ಇದೇನ್ರೀ ಇದು?"

ಅವನು ಬೆಚ್ಚಿಬಿದ್ದ. ಕಂಟ್ರೋಲರ್ ಕೈಜಾರಿತು.

"ಅದು... ಬೆರಳು ಮಡಚದೇ ಇದ್ರೆ ಯಾವುದು ಸಲೀಸು ಅಂತ ನೋಡ್ತಿದ್ದೆ. ಆ ಅಗ್ಗದ್ದರಲ್ಲಿ ರಬ್ಬರ್ ತೆಳ್ಳಗಿದೆ. ಎಲ್ಲರೂ ಬಟನ್ ಮೆತ್ತಗಾಯ್ತು ಅಂತ ಬಯ್ತಾರೆ. ನಿಮಗೆ ಅದೇ ಬೇಕಾಗಿದ್ದು."

"ನಿಮಗೆ... ಹೇಗೆ ಗೊತ್ತಾಯ್ತು?"

"ಬಲಗೈ ಜೇಬಿಂದ ತೆಗೀದೆ, ಬಲಗಡೆಯ ಬಟನ್ನೂ ಎಡಗೈಯಲ್ಲೇ ಒತ್ತಿದ್ರಿ. ಹೆಬ್ಬೆರಳಿಗೇನೋ ಆಗಿದೆ ಅಂತ ಊಹಿಸಿದೆ. ಕಣ್ಣಲ್ಲಿ ನೀರಿತ್ತು. ಸಹಾಯ ಮಾಡೋಕೆ ಹೋಗಿ ಒರಟಾಗಿ ಮಾತಾಡಿಬಿಟ್ಟೆ. ನೀವು ಹೋದಾಗಿನಿಂದ ನನ್ನ ಕಣ್ಣೆಲ್ಲ ಬಾಗಿಲ ಮೇಲೇ... ಕ್ಷಮಿಸಿ."

ದಾರಿಯುದ್ದಕ್ಕೂ ಜೋಡಿಸಿದ್ದ ಬಯ್ಗುಳ ಒಂದೂ ಬಾಯಿಗೆ ಬರಲಿಲ್ಲ. ಅವಳು ಮೆಲ್ಲಗೆ ಬಲಗೈಯನ್ನು ಕೌಂಟರಿನ ಮೇಲಿಟ್ಟಳು. 'ಈಗ ಇವನೂ ಮುಖ ತಿರುಗಿಸ್ತಾನೆ...'

ಅವನು ತಿರುಗಿಸಲಿಲ್ಲ. ಗಾಯದ ಗೆರೆಯನ್ನು ನೇರವಾಗಿ ನೋಡಿದ.

"ನೋವಾಗುತ್ತಾ?"

ಏನಾಯ್ತು, ಹೇಗಾಯ್ತು ಎಂದು ಊರೆಲ್ಲ ಕೇಳಿತ್ತು. ಇದನ್ನು ಯಾರೂ ಕೇಳಿರಲಿಲ್ಲ. ಅವಳು ಕೈ ಹಿಂದೆಗೆಯಲಿಲ್ಲ. "ಹ್ಞೂಂ, ತುಂಬಾ," ಎಂದಳು.

ಅಂದಿನಿಂದ ಬೇಕರಿ ಮುಗಿಸಿ ದಿನಾ ಸಂಜೆ ಅವಳು ಅಲ್ಲೇ. ಮೂಲೆಯ ಟಿವಿಯಲ್ಲಿ ಇಬ್ಬರದೂ ಕಾರ್ ರೇಸ್, ಅವಳ ಕೈಯಲ್ಲಿ ಆ ಅಗ್ಗದ ಕಂಟ್ರೋಲರ್. ಮೊದಮೊದಲು ಅವಳ ಕಾರು ಆರಂಭದ ಗೆರೆಯಿಂದಲೇ ಕದಲಲಿಲ್ಲ. ಆಮೇಲೆ ತೆವಳಿತು. ಒಂದು ಸಂಜೆ ಬಟನ್ ಒತ್ತಿದಾಗ ಹೆಬ್ಬೆರಳು ತಾನಾಗಿಯೇ ಮಡಚಿತು! ಅವಳು ಕಿರುಚಿದ ಸದ್ದಿಗೆ ಪಕ್ಕದ ಅಂಗಡಿಯವರು ಓಡಿಬಂದರು.

ಆದರೂ ಸೋಲು ಮಾತ್ರ ಅವಳದೇ.

"ಅಯ್ಯೋ ನಿರ್ದಯಿ! ಒಂದು ಸಲನಾದ್ರೂ ಬಿಟ್ಟುಕೊಡಬಾರದಾ?"

"ಬಿಟ್ಟುಕೊಟ್ರೆ ನಿಮ್ಮ ಬೆರಳು ಕಲಿಯೋದ್ಯಾವಾಗ? ನೀವು ಗೆಲ್ಲೋರು. ನಿಜವಾಗಿ ಗೆಲ್ಲಿ."

ಅವಳು ದಂಗಾದಳು. ಮನೆಯಲ್ಲಿ ಅಣ್ಣ ಕೇರಂನಲ್ಲಿ ಬೇಕೆಂದೇ ಸೋಲುತ್ತಿದ್ದ, ಅತ್ತಿಗೆ ಇಸ್ಪೀಟಿನಲ್ಲಿ. ಪ್ರತಿ ಗೆಲುವಿಗೂ ಅವಳು ಬಚ್ಚಲಿಗೆ ಹೋಗಿ ಅಳುತ್ತಿದ್ದಳು. ಇವನೊಬ್ಬ ಕರುಣೆಯೇ ಇಲ್ಲದೆ ಸೋಲಿಸುತ್ತಿದ್ದ. ಅವಳು ಇನ್ನೂ ಮುಗಿದುಹೋಗಿಲ್ಲ ಎಂದು ನಂಬಿದವನು ಇವನೊಬ್ಬನೇ.

ಪರದೆಯ ಮೇಲೆ ಎರಡೂ ಕಾರುಗಳು ಕೊನೆಯ ತಿರುವಿಗೆ ಬಂದವು. ಅವನದು ಮುಂದೆ, ಅವಳದು ಬೆನ್ನಿಗೆ.

"ನೀವಂದ್ರೆ ನನಗೆ ಪ್ರಾಣ," ಎಂದುಬಿಟ್ಟಳು.

ಯಾರು ಅಂದದ್ದು? ತಾನೇನಾ? ಅವಳಿಗೇ ಗಾಬರಿ!

ಅವನ ಗಾಬರಿ ಇನ್ನೂ ದೊಡ್ಡದು. ಕಣ್ಣು ಪರದೆ ಬಿಟ್ಟು ಅವಳ ಮುಖಕ್ಕೆ ನೆಟ್ಟಿತು, ಕಾರು ನೆಟ್ಟಗೆ ಗೋಡೆಗೆ ಗುದ್ದಿತು. ಅವಳ ಹೆಬ್ಬೆರಳು ಬಟನ್ ಬಿಡಲಿಲ್ಲ. ಅವಳ ಕಾರು ಗೆರೆ ದಾಟಿತು!

"ಇದು ಮೋಸ!" ಎಂದ, ಏದುಸಿರು ಬಿಡುತ್ತಾ.

"ಸುಳ್ಳು ಹೇಳಿ ಗೆದ್ದಿದ್ರೆ ಮೋಸ. ನಾನು ನಿಜಾನೇ ಹೇಳಿದ್ದು."

ಅವನು ಕಂಟ್ರೋಲರ್ ಕೆಳಗಿಟ್ಟು ಅವಳ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ನಾನು ಹೇಳಬೇಕು ಅಂತಿದ್ದಿದ್ದನ್ನ ನೀವೇ ಹೇಳಿಬಿಟ್ರಿ... ಇನ್ನೊಂದ್ಸಲ ಹೇಳಿ."

"ಯಾಕೆ? ಇನ್ನೊಂದ್ಸಲ ಸೋಲೋಕಾ?"

"ಹ್ಞೂಂ," ಎಂದ ಅವನು.