ಸೀನಪ್ಪನ ಕೈಯ ನಟ್ಟು

ಕತಾರಿನಂಥ ಕತಾರಿನಲ್ಲಿ ಮನೆ ಬಿಸಿಮಾಡಲು ರೇಡಿಯೇಟರ್ ಹಾಕಿಸಿದ ಮಹಾನುಭಾವರು ತನ್ನ ಅರಬಿ ಧಣಿ ಒಬ್ಬರೇ ಇರಬೇಕೆಂದು ಪ್ಲಂಬರ್ ಸೀನಪ್ಪ ನಂಬಿದ್ದ. ಇಂಗ್ಲೆಂಡಿನಲ್ಲಿ ಮೂರು ವರ್ಷ ಓದಿ ಬಂದಿದ್ದ ಅವರು ದೋಹಾದ ವಿಲ್ಲಾದಲ್ಲಿ ಕೋಣೆಗೊಂದರಂತೆ, ಬಿಸಿನೀರು ಹರಿಯುವ ಕಬ್ಬಿಣದ ಪೆಟ್ಟಿಗೆ ಕೂರಿಸಿದ್ದರು. ವರ್ಷಕ್ಕೆ ನಲವತ್ತು ದಿನ ಅವು ಬಿಸಿಯಾಗುತ್ತಿದ್ದವು. ಉಳಿದ ದಿನ ಸುಮ್ಮನೆ ಸೋರುತ್ತಿದ್ದವು. ಆ ಸೋರಿಕೆಯ ಪುಣ್ಯದಿಂದ ಸೀನಪ್ಪ ಹನ್ನೊಂದು ವರ್ಷ ನೆಮ್ಮದಿಯಾಗಿ ಬದುಕಿದ್ದ.

ತೊಂಬತ್ತೇಳರ ಬೇಸಿಗೆಯಲ್ಲಿ ಉಪ್ಪಿನಂಗಡಿಯ ತಾಹಿರ್ ಬಂದ. ಮೂವತ್ತರ ಆಸುಪಾಸಿನ ಚುರುಕು ಕೆಲಸಗಾರ. ಸೀನಪ್ಪ ಒಂದು ದಿನ ಎಳೆಯುವ ಕೆಲಸವನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಸಿ, ಮೇಲಿಂದ "ಇನ್ನೇನುಂಟು ಸೀನಪ್ಪಣ್ಣ?" ಎಂದು ಕೇಳುತ್ತಿದ್ದ. ಸೀನಪ್ಪನಿಗೆ ಆ ಪ್ರಶ್ನೆ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಅಕ್ಟೋಬರ್ ಮೊದಲ ವಾರ ಧಣಿ ಕರೆಸಿದರು. ಅವರ ಬಾಯಲ್ಲಿ 'ಪ' ಹೊರಳುವುದಿಲ್ಲ.

"ಸೀನಬ್ಬ, ಏಕ್ ನಫರ್ ಬಸ್. ದೂಸ್ರಾ ಖಲಾಸ್."

ಒಬ್ಬ ಆಳು ಸಾಕು. ಚಳಿಗೆ ಮುಂಚಿನ ನೀರಿನ ಟೆಸ್ಟ್ ಮುಗಿದ ಮೇಲೆ ಇನ್ನೊಬ್ಬನ ವೀಸಾ ರದ್ದು. ಸೀನಪ್ಪನಿಗೆ ಐವತ್ತು ದಾಟಿತ್ತು. ಮಗಳು ಯಶ್ಮಿತಾಳ ನರ್ಸಿಂಗ್ ಮುಗಿಯಲು ಎರಡು ವರ್ಷವಿತ್ತು. ಈ ವಯಸ್ಸಿನಲ್ಲಿ ತನಗೆ ಇನ್ನೊಂದು ವೀಸಾ ಯಾರೂ ಕೊಡುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ಹೆದರಿಕೆಯಾಯಿತು. ಹೆದರಿಕೆ ಕಳೆದ ಮೇಲೆ ತಲೆ ಓಡತೊಡಗಿತು.

ಕೆಳಗಿನ ರೇಡಿಯೇಟರ್‌ಗಳು ಸೀನಪ್ಪನ ಪಾಲು, ಮಹಡಿಯವು ತಾಹಿರ್‌ನ ಪಾಲು. ತಾಹಿರ್ ಎಡಚ. ಜಾಯಿಂಟಿನ ತಿರುಪಿನ ಗೆರೆಗಳ ಮೇಲೆ ಬಿಳಿ ಟೇಪನ್ನು ಉಲ್ಟಾ ಸುತ್ತಿದರೆ, ಬಿಗಿಯುವಾಗ ಅದು ಒಳಗೇ ಬಿಚ್ಚಿಕೊಂಡು ಮುದುಡುತ್ತದೆ, ನೀರು ದಾರಿ ಮಾಡಿಕೊಳ್ಳುತ್ತದೆ. ಎಡಗೈಯವನು ಅವಸರದಲ್ಲಿ ಹಾಗೆ ಸುತ್ತಿದನೆಂದರೆ ನಂಬದವರು ಯಾರು? ಅದೂ ಸಾಲದೆಂದು ಸೀನಪ್ಪ ಇನ್ನೊಂದು ಹೆಜ್ಜೆ ಮುಂದೆ ಹೋದ. ತಾಹಿರ್‌ನ ಪೈಪ್ ರೆಂಚಿನಲ್ಲಿ ಒಂದು ಹಲ್ಲು ಮುರಿದಿತ್ತು. ಅದರಲ್ಲಿ ಬಿಗಿದ ಪ್ರತಿಯೊಂದು ನಟ್ಟಿನ ಮೇಲೂ ಆ ಹಲ್ಲಿನ ಜಾಗ ಬಿಟ್ಟು ಗೀರು ಬೀಳುತ್ತಿತ್ತು. ಕೆಲಸಕ್ಕೆ ಅದೇ ರೆಂಚು ಬಳಸಿದರೆ ತಾಹಿರ್ ತಾನೇ ರುಜು ಹಾಕಿದ ಹಾಗೆ.

ಶುಕ್ರವಾರ ಮನೆಯವರೆಲ್ಲ ಅಲ್ ಶಮಾಲ್‌ನ ನೆಂಟರಲ್ಲಿಗೆ ಹೋದರು. ತಾಹಿರ್ ಹಿಂದಿನ ಸಂಜೆಯೇ ಅಲ್ ಖೋರ್‌ನಲ್ಲಿರುವ ತಮ್ಮನ ಕೋಣೆಗೆ ಹೋಗಿದ್ದ. ಬೆಳಿಗ್ಗೆ ಸ್ನಾನ ಮುಗಿಸಿ ಸೀನಪ್ಪ ಪಂಪ್ ರೂಮಿನಲ್ಲಿದ್ದ ತಾಹಿರ್‌ನ ಪೆಟ್ಟಿಗೆಯಿಂದ ರೆಂಚು ತೆಗೆದ. ಚಪ್ಪಲಿ ಕೆಳಗೇ ಬಿಟ್ಟು ಮಹಡಿ ಹತ್ತಿದ. ಟೆಸ್ಟಿಗಾಗಿ ಮೊದಲೇ ನೀರು ಖಾಲಿ ಮಾಡಿದ್ದ ಧಣಿಯ ಕೋಣೆಯ ರೇಡಿಯೇಟರಿನ ಜಾಯಿಂಟು ಬಿಚ್ಚಿ, ಹಳೆಯ ಟೇಪು ಕಿತ್ತು, ಹೊಸದನ್ನು ಉಲ್ಟಾ ಸುತ್ತಿ, ಬಿಗಿದ. ಇಪ್ಪತ್ತು ನಿಮಿಷ. ನೆಲ ಒರೆಸಿದ. ರೆಂಚನ್ನು ಇದ್ದ ಜಾಗಕ್ಕೇ ಸೇರಿಸಿದ. ಹನ್ನೊಂದು ವರ್ಷದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಅವನು ಮಾಡಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ನೀರು ಬಿಟ್ಟರು. ಹತ್ತೂಕಾಲಿಗೆ ಧಣಿಯ ಇರಾನಿ ರತ್ನಗಂಬಳಿ ತೊಯ್ದು ತೊಪ್ಪೆಯಾಯಿತು. ಜಾಯಿಂಟು ಬಿಚ್ಚಿ ನೋಡಿದರೆ ಟೇಪು ಮುದುಡಿ ಕೂತಿತ್ತು.

"ನಾನು ಹೀಗೆ ಸುತ್ತುವುದಿಲ್ಲ ಸೀನಪ್ಪಣ್ಣ," ಎಂದ ತಾಹಿರ್. ಮತ್ತೆ ಅದನ್ನೇ ಧಣಿಗೆ ಹಿಂದಿಯಲ್ಲಿ ಹೇಳಿದ.

"ಎಡಗೈಯವರಿಗೆ ಇದು ಸ್ವಲ್ಪ ಕಷ್ಟ, ಅರ್ಬಾಬ್," ಎಂದು ಸೀನಪ್ಪ ಧಣಿಯೆದುರು ಮರುಗಿದ. ನಿನ್ನೆ ತಾನು ಇಡೀ ದಿನ ಮಲಗಿದ್ದೆ, ಮಹಡಿಗೆ ಕಾಲೇ ಇಟ್ಟಿಲ್ಲ ಎಂದೂ ಸೇರಿಸಿದ. ನಟ್ಟಿನ ಮೇಲಿನ ಗೀರು ತೋರಿಸಿದ. ಯಾರ ರೆಂಚಿನದೆಂದು ನೋಡಿಯೇ ಬಿಡೋಣವೆಂದು, ತಾಹಿರ್‌ನ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು ಧಣಿಯ ಮುಂದೆ ತೆರೆದಿಟ್ಟ.

ಧಣಿ ರೆಂಚು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಹಲ್ಲು ಮುರಿದದ್ದು ಹೌದು. ಆದರೆ ಅವರ ಹೆಬ್ಬೆರಳು ನಿಂತದ್ದು ಹಿಡಿಯ ಮೇಲೆ, ಒಂದು ಕೆಂಪು ಬೊಟ್ಟಿನ ಹತ್ತಿರ. "ಶಿನು ಹಾದಾ?" ಇದೇನು ಎಂದು ಕೇಳಿದರು. ಊರಿನ ವರ್ಕ್‌ಶಾಪಿಗೆ ಸೇರಿದಂದಿನಿಂದ ಮೂವತ್ತು ವರ್ಷ, ಆಯುಧ ಪೂಜೆಯ ದಿನ ಕುಂಕುಮ ಇಡದೆ ಸೀನಪ್ಪ ಒಂದು ಸ್ಕ್ರೂಡ್ರೈವರನ್ನೂ ಎತ್ತಿದವನಲ್ಲ. ಕೈ ತನ್ನ ಪಾಡಿಗೆ ಇಟ್ಟುಬಿಟ್ಟಿತ್ತು, ತಲೆಗೆ ತಿಳಿಸಿರಲಿಲ್ಲ. ತಾಹಿರ್‌ನ ಮುಖ ಮಾತ್ರ ಅರಳಿತು. "ನಂದಕ್ಕೂ ಪೂಜೆ ಮಾಡಿದ್ರಾ ಸೀನಪ್ಪಣ್ಣ?" ಎಂದ. ಆಮೇಲೆ ಧಣಿಯ ಕಡೆ ತಿರುಗಿ, ಇದು ನಮ್ಮೂರಿನ ಹಿಂದೂಗಳ ಹಬ್ಬ, ಕೆಲಸದ ಸಾಮಾನಿಗೆ ವರ್ಷಕ್ಕೊಮ್ಮೆ ಹೀಗೆ ಬೊಟ್ಟಿಡುತ್ತಾರೆ ಎಂದು ಸಂತೋಷದಿಂದಲೇ ವಿವರಿಸಿದ. ಯಾವ ದಿನ ಎಂದು ಧಣಿ ಕೇಳಿದರು. "ನಿನ್ನೆ, ಅರ್ಬಾಬ್. ತಮ್ಮನ ಕಂಪನಿ ಬಸ್ಸಿಗೂ ಅದರ ಡ್ರೈವರ್ ಪೂಜೆ ಮಾಡಿದ, ನಮಗೆಲ್ಲ ಅವಲಕ್ಕಿ ಕೊಟ್ಟ," ಎಂದು ಹೇಳುತ್ತಿದ್ದ ತಾಹಿರ್ ಅಲ್ಲಿಗೇ ನಿಲ್ಲಿಸಿ, ನಿಧಾನವಾಗಿ ಸೀನಪ್ಪನ ಕಡೆ ನೋಡಿದ.